ಹೆರಿಗೆಗೆ ಮುನ್ನ ಸಿಸ್ಟರ್ ಕಿವಿಗೆ ಹಾಕಬೇಕಾದ ಮಾತು

ಬಸುರಿ ಹೆಣ್ಣುಮಗಳು ತಪಾಸಣೆಗೆ ಬಂದಾಗ ಬಾಯಿಬಿಟ್ಟು ಹೇಳುವ ತೊಂದರೆಗಳು ಬಹುತೇಕ ಸೊಂಟದ ಮೇಲಿನವು: ವಾಂತಿ, ತಲೆಸುತ್ತು, ಎದೆಯುರಿ, ಬೆನ್ನುನೋವು. ಸೊಂಟದ ಕೆಳಗಿನ ಮಾತು ಸೆರಗಿನೊಳಗೇ ಉಳಿಯುತ್ತದೆ. ಯೋನಿಯ ಅಂಚಿನಲ್ಲಿ ಎದ್ದ ಗಂಟು, ವಾಸನೆ ಬರುವ ಬಿಳಿಸೆರಗು, ರಾತ್ರಿ ನಿದ್ದೆ ಕೆಡಿಸುವ ತುರಿಕೆ, ಹಿಂದಿನ ಹೆರಿಗೆಯಲ್ಲಿ ಹೊಲಿಗೆ ಬಿದ್ದ ಜಾಗದ ನೋವು, ಕೆಮ್ಮಿದರೆ ಜಾರುವ ಮೂತ್ರ, ಮೂಲವ್ಯಾಧಿ ಇವನ್ನೆಲ್ಲ ಗಂಡನಿಗೂ ಹೇಳದೆ ಒಂಬತ್ತು ತಿಂಗಳು ಹೊತ್ತು ತಿರುಗುವವರಿದ್ದಾರೆ. ಹೆರಿಗೆ ಕೋಣೆಯ ದೀಪದ ಕೆಳಗೆ ಇವು ಹೇಗೂ ಕಣ್ಣಿಗೆ ಬೀಳುತ್ತವೆ. ಆದರೆ ಆಗ ನೋವು ಏರಿರುತ್ತದೆ, ಮದ್ದು ಮಾಡುವ ಸಮಯ ಮೀರಿರುತ್ತದೆ, ವಿವರಿಸಿ ಧೈರ್ಯ ಹೇಳಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಅದೇ ಮಾತನ್ನು ಎರಡು ತಿಂಗಳು ಮುಂಚೆ ಹೇಳಿದ್ದರೆ ಹೆಚ್ಚಿನವು ಒಂದು ಸಮಾಧಾನದ ಮಾತಿನಲ್ಲೋ ಒಂದು ವಾರದ ಔಷಧದಲ್ಲೋ ಮುಗಿಯುತ್ತವೆ. ಉಳಿದ ಕೆಲವು ಹೆರಿಗೆ ಎಲ್ಲಿ, ಹೇಗೆ ಆಗಬೇಕು ಎಂಬ ತೀರ್ಮಾನವನ್ನೇ ಬದಲಿಸುತ್ತವೆ.

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಈ ಮಾತು ಯಾರಿಗೆ ಹೇಳಬೇಕು ಎಂಬುದೇ ಮೊದಲ ತೊಡಕು. ಹಿಂದೆ ಓಣಿಗೊಬ್ಬ ಸೂಲಗಿತ್ತಿ ಇರುತ್ತಿದ್ದಳು. ಅತ್ತೆಯ ಹೆರಿಗೆ ಮಾಡಿಸಿದವಳೇ ಸೊಸೆಯದನ್ನೂ ಮಾಡಿಸುತ್ತಿದ್ದಳು, ಹೆಣ್ಣಿನ ಮೈಯ ಗುಟ್ಟು ಅವಳಿಗೆ ಹೇಳದೆಯೂ ತಿಳಿದಿರುತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಆ ಪರಂಪರೆಗೆ ಸಂದ ಗೌರವವೂ ಹೌದು. ಆದರೆ ಅದು ಮುಗಿಯುತ್ತ ಬಂದ ಕಾಲದ ಗೌರವ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಇದರಿಂದ ಉಳಿದ ಜೀವಗಳ ಲೆಕ್ಕದ ಮುಂದೆ ಬೇರೆ ಯಾವ ಕೊರತೆಯೂ ದೊಡ್ಡದಲ್ಲ. ಆದರೂ ಒಂದು ಕೊರತೆ ಇದೆ. ಸೂಲಗಿತ್ತಿ ಒಬ್ಬಳ ಕೆಲಸ ಈಗ ನಾಲ್ಕು ಜನರಲ್ಲಿ ಹಂಚಿಹೋಗಿದೆ. ಮನೆಗೆ ಬರುವವರು ಆಶಾ ಕಾರ್ಯಕರ್ತೆ. ಉಪಕೇಂದ್ರದಲ್ಲಿ ಹೊಟ್ಟೆ ಮುಟ್ಟಿ ನೋಡುವವರು ಊರವರೆಲ್ಲ ‘ಸಿಸ್ಟರ್’ ಎಂದು ಕರೆಯುವ ಎಎನ್‌ಎಂ. ಹೆರಿಗೆ ಕೋಣೆಯಲ್ಲಿ ಇರುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್. ತೊಡಕಾದರೆ 108 ವಾಹನದಲ್ಲಿ 20ರಿಂದ 40 ಕಿಲೊಮೀಟರ್ ದೂರದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ‌ಗೋ ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹೋದರೆ ಅಲ್ಲಿ ಮತ್ತೆ ಹೊಸ ಮುಖ. ಬಸುರಿ ಹೇಳಿದ ಮಾತು ಇಷ್ಟು ಕೈ ದಾಟಿ ಹೋಗಬೇಕು.

ಚೊಚ್ಚಲ ಹೆರಿಗೆಯಾದರೆ ಇನ್ನೂ ಒಂದು ಕೈ ಹೆಚ್ಚು. ಈ ಭಾಗದಲ್ಲಿ ಕುಬಸ (ಸೀಮಂತ) ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಹೋಗುವುದು ರೂಢಿ. ಗಂಡನ ಊರಿನ ಸಿಸ್ಟರ್ ಜೊತೆ ನಾಲ್ಕಾರು ತಿಂಗಳಲ್ಲಿ ಬೆಳೆದ ಸಲಿಗೆ, ಇನ್ನೇನು ಕೇಳಬೇಕು ಎನ್ನುವಷ್ಟರಲ್ಲಿ ಕಡಿದುಹೋಗುತ್ತದೆ. ತವರಿನ ಸಿಸ್ಟರ್‌ಗೆ ಅವಳು ಏಳನೇ ಅಥವಾ ಒಂಬತ್ತನೇ ತಿಂಗಳಲ್ಲಿ ಬಂದ ಹೊಸಬಳು. ಹಾಗಾಗಿ ಮುಜುಗರದ ಮಾತಿದ್ದರೆ ಕುಬಸಕ್ಕೆ ಮೊದಲೇ ಗಂಡನ ಊರಲ್ಲಿ ಒಮ್ಮೆ, ತವರಿಗೆ ಹೋದ ಮೊದಲ ತಪಾಸಣೆಯಲ್ಲೇ ಇನ್ನೊಮ್ಮೆ ಹೇಳುವುದು ಒಳ್ಳೆಯದು. ಎರಡು ಸಲ ನಾಚಿಕೆ ಪಡಬೇಕಾಗುತ್ತದೆ, ನಿಜ. ಎರಡನೇ ಸಲ ಅಷ್ಟು ಕಷ್ಟವಾಗುವುದಿಲ್ಲ.

ಹೆಣ್ಣುಮಕ್ಕಳು ಹೇಳದೆ ಇರುವುದಕ್ಕೆ ತೊಂದರೆ ಇಲ್ಲದಿರುವುದು ಕಾರಣವಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಅವರ ತಂಡ 650 ಮಹಿಳೆಯರನ್ನು ಪರೀಕ್ಷಿಸಿತು. 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತೊಂದರೆ ಇದೆ ಎಂದು ಹೇಳಿಕೊಂಡವರು ನೂರಕ್ಕೆ 55. ಪರೀಕ್ಷೆಯಲ್ಲಿ ಒಂದಲ್ಲ ಒಂದು ಸ್ತ್ರೀರೋಗ ಕಂಡುಬಂದದ್ದು ನೂರಕ್ಕೆ 92 ಜನರಲ್ಲಿ. ಅದಕ್ಕೂ ಹಿಂದೆ ಒಮ್ಮೆಯಾದರೂ ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಬರೀ 8. ಆ ಹಳ್ಳಿಗಳಿಗೂ ನವಲಗುಂದದ ಎರೆ ಸೀಮೆಗೂ ವ್ಯತ್ಯಾಸಗಳಿವೆ, ಮೂರೂವರೆ ದಶಕದ ಅಂತರವೂ ಇದೆ. ಆದರೆ ಹೇಳಿಕೊಳ್ಳುವುದಕ್ಕೂ ಇರುವುದಕ್ಕೂ ನಡುವಿನ ಆ ದೊಡ್ಡ ಕಂದಕ ಇಲ್ಲಿಯದೂ ಹೌದೆಂದು ಯಾವ ಸಿಸ್ಟರ್‌ನ್ನು ಕೇಳಿದರೂ ತಿಳಿಯುತ್ತದೆ.

ಜಾಗವೂ ಮಾತಿಗೆ ಅಡ್ಡ ಬರುತ್ತದೆ. ಅಂಗನವಾಡಿಯಲ್ಲಿ ನಡೆಯುವ ಆರೋಗ್ಯ ದಿನದಂದು ಒಂದೇ ಕೋಣೆಯಲ್ಲಿ ಲಸಿಕೆಗೆ ಬಂದ ಕೂಸುಗಳು, ತೂಕಕ್ಕೆ ನಿಂತ ಬಸುರಿಯರು, ಅವರ ಅತ್ತೆಯಂದಿರು. ಆಶಾ ಕಾರ್ಯಕರ್ತೆ ಅದೇ ಊರಿನ ಸೊಸೆ, ಹತ್ತಿರದ ಸಂಬಂಧಿಯೂ ಆಗಿರಬಹುದು. ಅಲ್ಲಿ ಯಾರು ತಾನೇ ‘ಕೆಳಗ ಗಂಟ ಆಗೇತ್ರಿ’ ಎಂದು ಹೇಳಿಯಾರು? ಉಪಕೇಂದ್ರದಲ್ಲಿ, ಬಾಗಿಲು ಹಾಕುವ ಕೋಣೆಯಲ್ಲಿ, ಹೊಟ್ಟೆ ಪರೀಕ್ಷೆಗೆ ಮಂಚದ ಮೇಲೆ ಮಲಗಿದಾಗ ಆ ಮಾತು ಸುಲಭ. ಆಗ ಸಿಸ್ಟರ್ ಮತ್ತು ಬಸುರಿ ಇಬ್ಬರೇ ಇರುತ್ತಾರೆ, ಅತ್ತೆ ಹೊರಗಿರುತ್ತಾಳೆ. ಇಲ್ಲದಿದ್ದರೂ ‘ಹೊರಗ ಕುಂದರ್ರಿ’ ಎಂದು ಅವಳಿಗೆ ಹೇಳುವ ಅಧಿಕಾರ ಸಿಸ್ಟರ್‌ಗೆ ಇದೆ, ಅದನ್ನು ಅವರು ಬಳಸಬೇಕು.

ಹೇಳಬೇಕಾದ ವಿಷಯಗಳಲ್ಲಿ ಮೊದಲನೆಯದು ಬಿಳಿಸೆರಗು. ಬಸಿರಿನಲ್ಲಿ ತೆಳ್ಳಗಿನ, ಹಾಲಿನ ಬಣ್ಣದ, ವಾಸನೆಯಿಲ್ಲದ ಸ್ರಾವ ಹೆಚ್ಚಾಗುವುದು ಸಹಜ. ಅದರಿಂದ ಮೈಯ ಸತ್ವ ಹರಿದುಹೋಗುವುದಿಲ್ಲ. ಮೊಸರು ಒಡೆದಂತೆ ಗಟ್ಟಿಯಾಗಿ ಹೋಗುತ್ತಿದ್ದು ವಿಪರೀತ ತುರಿಕೆ ಇದ್ದರೆ ಅದು ಶಿಲೀಂಧ್ರದ ಸೋಂಕು. ಬಸಿರಿನಲ್ಲಿ ಇದು ಸಾಮಾನ್ಯ, ಯೋನಿಯೊಳಗೆ ಇಡುವ ಮಾತ್ರೆಗಳಿಂದ ವಾಸಿಯಾಗುತ್ತದೆ. ಬೂದುಬಣ್ಣದ, ಮೀನಿನ ವಾಸನೆಯ ಸ್ರಾವ ಬೇರೆ ಸೋಂಕಿನ ಗುರುತು. ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೂ ಇದಕ್ಕೂ ನಂಟಿದೆ. ಹಸಿರು ಮಿಶ್ರಿತ ನೊರೆಯಂಥ ಸ್ರಾವವಾದರೆ ಗಂಡನಿಗೂ ಔಷಧ ಬೇಕಾಗುತ್ತದೆ, ಇಲ್ಲವಾದರೆ ಸೋಂಕು ಮರಳಿ ಬರುತ್ತದೆ. ಹಳ್ಳಿಗಳಲ್ಲಿ ಈ ಎಲ್ಲಕ್ಕೂ ‘ಉಷ್ಣ ಆಗೇತಿ’ ಎಂಬ ಒಂದೇ ಕಾರಣ ಹೇಳಿ ಮಜ್ಜಿಗೆ, ಕಾಮಕಸ್ತೂರಿ ಬೀಜದ ನೀರು ಕುಡಿಸುತ್ತಾರೆ. ಕುಡಿದರೆ ಕೇಡಿಲ್ಲ, ಆದರೆ ಸೋಂಕು ಹೋಗುವುದಿಲ್ಲ. ಡೆಟಾಲ್ ಬೆರೆಸಿದ ನೀರನ್ನೋ ಬೇವಿನ ಕಷಾಯವನ್ನೋ ಒಳಗೆ ಹಾಕಿ ತೊಳೆಯುವುದು ಮಾತ್ರ ನಿಜಕ್ಕೂ ಕೆಡುಕು. ಒಳಭಾಗದ ರಕ್ಷಣೆಗೆ ಅಲ್ಲಿಯೇ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರಿಂದ ಸಾಯುತ್ತವೆ. ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು. ಇನ್ನು, ಯಾವ ತಿಂಗಳಲ್ಲೇ ಆಗಲಿ, ಮೂತ್ರವಲ್ಲದ ತಿಳಿನೀರು ಒಮ್ಮೆಲೇ ಹರಿದರೆ ಅಥವಾ ಸತತ ಜಿನುಗಿದರೆ ಅದು ನಾಚಿಕೆಯ ವಿಷಯವಲ್ಲ, ತುರ್ತಿನ ವಿಷಯ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹುಣ್ಣು, ಗುಳ್ಳೆಗಳ ಮಾತು ಇನ್ನೂ ಕಠಿಣ, ಯಾಕೆಂದರೆ ಅದರ ಜೊತೆ ಗಂಡನ ನಡತೆಯ ಪ್ರಶ್ನೆಯೂ ಏಳುತ್ತದೆ. ಸಿಫಿಲಿಸ್‌ನ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಹಾಗಾಗಿ ಹೋಯಿತೆಂದು ಸುಮ್ಮನಾಗುತ್ತಾರೆ. ರೋಗ ಹೋಗಿರುವುದಿಲ್ಲ. ಅದು ಮಗುವಿಗೆ ದಾಟಬಲ್ಲದು, ಹೊಟ್ಟೆಯಲ್ಲೇ ಮಗು ಸಾಯುವುದಕ್ಕೂ ಕಾರಣವಾಗಬಲ್ಲದು. ತಾಯಂದಿರ ರಕ್ತಪರೀಕ್ಷೆಯಲ್ಲಿ ಇದನ್ನು ಪತ್ತೆ ಮಾಡಿ ಪೆನಿಸಿಲಿನ್ ಇಂಜೆಕ್ಷನ್ನಿನಿಂದ ಗುಣಪಡಿಸಬಹುದು. ಗೊಂಚಲು ಗೊಂಚಲಾದ, ಉರಿಯುವ ನೀರ್ಗುಳ್ಳೆಗಳು ಹರ್ಪಿಸ್ ಇರಬಹುದು. ಅದು ಜೀವನದಲ್ಲಿ ಮೊದಲ ಸಲ ಕಾಣಿಸಿಕೊಂಡದ್ದು ಹೆರಿಗೆಗೆ ಮುಂಚಿನ ಆರು ವಾರಗಳೊಳಗೆ ಎಂದಾದರೆ ಮಗುವಿಗೆ ಸೋಂಕು ತಗಲದಂತೆ ವೈದ್ಯರು ಸಿಸೇರಿಯನ್ ಸೂಚಿಸುತ್ತಾರೆ. ಒಂದು ಗುಳ್ಳೆಯ ಮಾತು ಹೆರಿಗೆಯ ದಾರಿಯನ್ನೇ ಬದಲಿಸುವುದು ಹೀಗೆ. ಹೂಕೋಸಿನ ಹಾಗೆ ಬೆಳೆಯುವ ನರೂಲಿಗಳು ನೋಡಲು ಹೆದರಿಕೆ ಹುಟ್ಟಿಸಿದರೂ ಅವುಗಳಿಂದ ಸಹಜ ಹೆರಿಗೆಗೆ ಅಡ್ಡಿಯಾಗುವುದು ಅಪರೂಪ. ಆದರೆ ಅವನ್ನು ಸುಡುವ ಕೆಲವು ಔಷಧಗಳು ಬಸಿರಿನಲ್ಲಿ ನಿಷಿದ್ಧ. ಹೀಗಾಗಿ ಔಷಧದಂಗಡಿಯಲ್ಲಿ ಕೇಳಿ ತಂದು ಹಚ್ಚಿಕೊಳ್ಳುವುದು ಅಪಾಯ.

ಗಂಟುಗಳಲ್ಲಿ ಬಹಳಷ್ಟು ನಿರುಪದ್ರವಿ. ಬಸಿರಿನ ಭಾರಕ್ಕೆ ಕಾಲಿನ ನರಗಳು ಉಬ್ಬುವಂತೆ ಯೋನಿಯ ತುಟಿಗಳಲ್ಲೂ ರಕ್ತನಾಳಗಳು ಉಬ್ಬುತ್ತವೆ. ಮೆಣಸಿನಕಾಯಿ, ಹತ್ತಿ ಹೊಲದಲ್ಲಿ ದಿನವಿಡೀ ಕಾಲೂರಿ ಕಸ ತೆಗೆಯುವವರಿಗೆ ಸಂಜೆ ಹೊತ್ತಿಗೆ ಅಲ್ಲಿ ಭಾರ, ಎಳೆತ ಹೆಚ್ಚು. ಎಡಮಗ್ಗುಲಿಗೆ ಮಲಗಿ ವಿಶ್ರಾಂತಿ ಪಡೆದರೆ ತಗ್ಗುತ್ತದೆ, ಹೆರಿಗೆಯಾದ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಇದರಿಂದ ಸಹಜ ಹೆರಿಗೆ ನಿಲ್ಲುವುದಿಲ್ಲ. ಒಂದೇ ಬದಿಗೆ, ಯೋನಿದ್ವಾರದ ಹತ್ತಿರ ನೋಯುವ ಗಡ್ಡೆ ಎದ್ದರೆ ಅದು ಕೀವು ತುಂಬಿದ ಗ್ರಂಥಿ ಇರಬಹುದು, ತೋರಿಸಲೇಬೇಕು. ಎರಡು ಮೂರು ಹೆತ್ತವರಿಗೆ ಕೆಳಗೆ ಏನೋ ಜಾರಿ ಬಂದ ಅನುಭವವಾದರೆ ಗರ್ಭಕೋಶ ಇಳಿದಿರುವ ಸಾಧ್ಯತೆ ಉಂಟು. ಕೊಡ ಹೊರುವುದು, ಚೀಲ ಎತ್ತುವುದು ಅದನ್ನು ಹೆಚ್ಚಿಸುತ್ತದೆ. ಬಣ್ಣ ಕಪ್ಪಾಗುವುದು, ತುಟಿಗಳು ತುಸು ಊದಿಕೊಳ್ಳುವುದು, ಒಂದು ದೊಡ್ಡದು ಒಂದು ಚಿಕ್ಕದು ಇರುವುದು ಇವು ಯಾವುವೂ ರೋಗವಲ್ಲ. ಮುಖದ ಹಾಗೆಯೇ ಈ ಅಂಗವೂ ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ. ಅದರ ಆಕಾರಕ್ಕೂ ಮಗು ಹೊರಬರುವುದಕ್ಕೂ ಸಂಬಂಧವಿಲ್ಲ.

ಮೂಲವ್ಯಾಧಿಯ ವಿಷಯದಲ್ಲಿ ಮೌನದ ಬೆಲೆಯನ್ನು ರಕ್ತವೇ ತೆರುತ್ತದೆ. ಸರ್ಕಾರ ಬಸುರಿಗೆ ಕೊಡುವ 180 ದಿನಗಳ ಕಬ್ಬಿಣಾಂಶದ ಗುಳಿಗೆಯಿಂದ ಕೆಲವರಿಗೆ ಮಲಬದ್ಧತೆ ಆಗುತ್ತದೆ, ಮಲ ಕಪ್ಪಾಗುತ್ತದೆ. ಮೊದಲೇ ಮೂಲವ್ಯಾಧಿ ಇದ್ದವರಿಗೆ ಅದು ನರಕ. ಹೇಳಲು ನಾಚಿ ಗುಳಿಗೆಯನ್ನು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ಸಿಸ್ಟರ್ ಕೇಳಿದರೆ ನುಂಗುತ್ತಿದ್ದೇನೆ ಎನ್ನುತ್ತಾರೆ. ಹಿಮೋಗ್ಲೋಬಿನ್ ಏರದಿರುವ ಕಾರಣ ಯಾರಿಗೂ ತಿಳಿಯುವುದಿಲ್ಲ, ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳುವ ಶಕ್ತಿ ಆ ಮೈಗೆ ಇರುವುದಿಲ್ಲ. ‘ಸಂಡಾಸಕ್ಕ ಹೋಗೂದು ಬಾಳ ತ್ರಾಸ ಆಗೇತ್ರಿ’ ಎಂಬ ಒಂದು ವಾಕ್ಯಕ್ಕೆ ಪರಿಹಾರಗಳು ಹಲವು ಇವೆ: ಗುಳಿಗೆಯ ವೇಳೆ ಬದಲಿಸುವುದು, ಮಲ ಮೆದುವಾಗಿಸುವ ಔಷಧ, ಹೆಚ್ಚು ನೀರು, ಸೊಪ್ಪು, ಕಾಳು, ಹಚ್ಚುವ ಮುಲಾಮು. ಅದೂ ಸಾಲದಿದ್ದರೆ ಕಬ್ಬಿಣಾಂಶವನ್ನು ಸಲೈನ್ ಮೂಲಕ ಕೊಡುವ ವ್ಯವಸ್ಥೆ ದೊಡ್ಡ ಆಸ್ಪತ್ರೆಗಳಲ್ಲಿದೆ.

ಎರಡನೇ ಅಥವಾ ಮೂರನೇ ಹೆರಿಗೆಗೆ ಸಿದ್ಧವಾದವರು ಹಿಂದಿನ ಹೆರಿಗೆಯಲ್ಲಿ ಆದದ್ದನ್ನು ಮುಚ್ಚಿಡಲೇಬಾರದು. ಯೋನಿದ್ವಾರ ಹರಿದದ್ದು ಗುದದ ಸ್ನಾಯುವಿನವರೆಗೆ ಹೋಗಿತ್ತೇ, ಆಮೇಲೆ ಗಾಳಿಯನ್ನೋ ಮಲವನ್ನೋ ತಡೆಯಲು ಆಗುತ್ತಿಲ್ಲವೇ, ಹೊಲಿಗೆಯ ಜಾಗದಲ್ಲಿ ಗಂಡನ ಜೊತೆ ಸೇರುವಾಗ ನೋವಿದೆಯೇ ಎಂಬುದನ್ನು ತಿಳಿದ ಮೇಲೆಯೇ ವೈದ್ಯರು ಈ ಸಲದ ಹೆರಿಗೆ ಸಹಜವಾಗಿ ಆಗಬಹುದೇ ಎಂದು ತೂಗಿ ನೋಡಲು ಸಾಧ್ಯ. ದಿನಗಟ್ಟಲೆ ನೋವು ತಿಂದು ಹೆತ್ತ ನಂತರ ಮೂತ್ರ ಸತತ ಸೋರುತ್ತಿದ್ದು, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದ್ದವರಿಗೆ ಮುಂದಿನ ಹೆರಿಗೆ ಸಿಸೇರಿಯನ್ ಮೂಲಕವೇ ಆಗಬೇಕು. ಮುಚ್ಚಿದ ರಂಧ್ರ ಸಹಜ ಹೆರಿಗೆಯಲ್ಲಿ ಮತ್ತೆ ಒಡೆಯಬಹುದು. ಬೇರೆ ಊರಿನಲ್ಲಿ, ಬೇರೆ ಆಸ್ಪತ್ರೆಯಲ್ಲಿ ಆದ ಈ ಚಿಕಿತ್ಸೆಯ ಸುದ್ದಿ ಅವಳೇ ಹೇಳದೆ ಈ ಊರಿನ ಸಿಸ್ಟರ್‌ಗೆ ತಿಳಿಯುವ ದಾರಿಯೇ ಇಲ್ಲ.

ಚೊಚ್ಚಲಿನವರ ಒಳಗಿನ ಭಯ ಬೇರೆ ಬಗೆಯದು. ಗಂಡನ ಜೊತೆ ಸೇರುವಾಗಲೇ ಮೈ ಬಿಗಿದುಕೊಂಡು ತಡೆಯಲಾರದ ನೋವಾಗುವವರು ಹೆರಿಗೆ ಹೇಗೆ ಆದೀತು ಎಂದು ಹೆದರುತ್ತಾರೆ. ಅವರಲ್ಲಿ ಕೆಲವರಿಗೆ ಯೋನಿಯೊಳಗೆ ಹುಟ್ಟಿನಿಂದಲೇ ಒಂದು ತೆಳುವಾದ ಅಡ್ಡಪೊರೆ ಇರುತ್ತದೆ. ಮುಂಚೆ ಗೊತ್ತಾದರೆ ಅದನ್ನು ಗಮನದಲ್ಲಿಟ್ಟು ಹೆರಿಗೆ ಮಾಡಿಸಬಹುದು. ಹೆಚ್ಚಿನವರಲ್ಲಿ ರಚನೆಯ ದೋಷ ಏನೂ ಇರುವುದಿಲ್ಲ, ಇರುವುದು ಸ್ನಾಯುಗಳ ಬಿಗಿತ ಮತ್ತು ಭಯ. ಮಗು ಹುಟ್ಟುವ ಮೊದಲು ಅದನ್ನು ಹೇಳಿಕೊಂಡರೆ ಒಳಪರೀಕ್ಷೆಗಳನ್ನು ಅಗತ್ಯವಿದ್ದಷ್ಟೇ ಮಾಡಿ, ಪ್ರತಿ ಸಲ ಮೊದಲು ತಿಳಿಸಿ, ‘ತಡೀರಿ’ ಎಂದಾಗ ನಿಲ್ಲಿಸಬಲ್ಲ ಸಿಸ್ಟರ್ ಆ ದಿನ ಇರುತ್ತಾರೆ. ಹೇಳದಿದ್ದರೆ ‘ಸಹಕಾರ ಕೊಡಲ್ಲ’ ಎಂಬ ಬೈಗುಳ ಕೇಳಬೇಕಾಗುತ್ತದೆ. ಆ ಬೈಗುಳ ಸರಿಯಲ್ಲ. ಆದರೆ ಅದು ಇಂದಿಗೂ ಕೇಳಿಬರುತ್ತದೆ.

ಎದೆಯ ಮಾತೂ ಇದರೊಂದಿಗೇ ಸೇರುತ್ತದೆ. ಮೊಲೆತೊಟ್ಟು ಒಳಸೇರಿದ್ದರೆ ಮಗು ಹಾಲು ಕುಡಿಯಲಾರದು ಎಂದು ಮನೆಯ ಹಿರಿಯರು ಹೆದರಿಸುತ್ತಾರೆ. ಇದಕ್ಕೆ ಸುಲಭದ ಒಂದು ಉಪಾಯವನ್ನು ಜಗತ್ತಿಗೆ ಕೊಟ್ಟವರು ದಾವಣಗೆರೆಯ ಮಕ್ಕಳ ವೈದ್ಯೆ ನಿರ್ಮಲಾ ಕೇಸರಿ ಮತ್ತು ಅವರ ಸಹೋದ್ಯೋಗಿಗಳು. ಪ್ಲಾಸ್ಟಿಕ್ ಸಿರಿಂಜಿನ ಸೂಜಿ ಸೇರುವ ತುದಿಯನ್ನು ಕತ್ತರಿಸಿ, ಕತ್ತರಿಸಿದ ಕಡೆಯಿಂದ ಪಿಸ್ಟನ್ ಹಾಕಿ, ನುಣುಪಾದ ಕಡೆಯನ್ನು ಎದೆಗೆ ಇಟ್ಟು ಮೆಲ್ಲಗೆ ಎಳೆದರೆ ತೊಟ್ಟು ಹೊರಬರುತ್ತದೆ. 1993ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಈ ವಿಧಾನ ಇಂದು ಹಲವು ದೇಶಗಳ ಹೆರಿಗೆ ವಾರ್ಡುಗಳಲ್ಲಿ ಬಳಕೆಯಲ್ಲಿದೆ. ಇದನ್ನು ಮಾಡುವುದು ಹೆರಿಗೆಯಾದ ಮೇಲೆ, ಹಾಲೂಡಿಸುವ ಮುನ್ನ. ಬಸಿರಿನಲ್ಲಿ ತೊಟ್ಟು ಎಳೆಯುತ್ತ ಕೂರಬೇಕಿಲ್ಲ. ಮೊದಲೇ ತಿಳಿಸಿಟ್ಟರೆ ಮಗು ಹುಟ್ಟಿದ ಮೊದಲ ಗಂಟೆಯಲ್ಲೇ ನರ್ಸ್ ನೆರವಿಗೆ ಬರುತ್ತಾರೆ. ಕಂಕುಳಲ್ಲಿ ಏಳುವ ಮೆತ್ತನೆಯ ಊತವೂ ಹಲವರಲ್ಲಿ ಹಾಲಿನ ಗ್ರಂಥಿಯ ತುಣುಕೇ ಆಗಿರುತ್ತದೆ. ಒಮ್ಮೆ ತೋರಿಸಿ ಖಾತ್ರಿ ಮಾಡಿಕೊಂಡರೆ ಆಯಿತು.

ಹೆರಿಗೆ ಕೋಣೆಯಲ್ಲಿ ಏನಾಗುತ್ತದೆ ಎಂಬ ಅಂಜಿಕೆಗೂ ಮುಂಚೆಯೇ ಉತ್ತರ ಪಡೆಯಬಹುದು. ಅಲ್ಲಿಯ ಕೂದಲು ತೆಗೆಯದಿದ್ದರೆ ಬೈಯುತ್ತಾರೆಂದು ಹೆದರಿ ಮನೆಯಲ್ಲೇ ಹಳೆಯ ಬ್ಲೇಡಿನಿಂದ ಗಾಯ ಮಾಡಿಕೊಳ್ಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಸಹಜ ಹೆರಿಗೆಗೆ ಮುನ್ನ ಕೂದಲು ಬೋಳಿಸುವುದು ಬೇಡ, ಎನಿಮಾ ಕೊಡುವುದು ಬೇಡ, ಎಲ್ಲರಿಗೂ ರೂಢಿಯಂತೆ ಯೋನಿದ್ವಾರಕ್ಕೆ ಕತ್ತರಿ ಹಾಕುವುದೂ ಬೇಡ ಎನ್ನುತ್ತದೆ. ಮುಕ್ಕುವಾಗ ಮಲ ಹೊರಬರುವುದು ಮಗುವಿನ ತಲೆ ಕೆಳಗೆ ಬಂದಿರುವ ಲಕ್ಷಣ. ದಾದಿಯರಿಗೆ ಅದು ದಿನನಿತ್ಯದ ಸಂಗತಿ, ಒರೆಸಿ ಮುಂದುವರಿಯುತ್ತಾರೆ. ಹೆರುವಾಗ ಹರಿಯುವ ಭಯ ಇರುವ ಚೊಚ್ಚಲಿನವರು ಸುಮಾರು 35ನೇ ವಾರದಿಂದ ವಾರಕ್ಕೆ ಒಂದೆರಡು ಸಲ ಯೋನಿದ್ವಾರದ ಕೆಳಭಾಗವನ್ನು ಎಣ್ಣೆ ಹಚ್ಚಿ ಮೆಲ್ಲಗೆ ನೀವಿಕೊಂಡರೆ ಹೊಲಿಗೆ ಬೀಳುವ ಸಂಭವ ತುಸು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿದೆ. ಆದರೆ ರಕ್ತಸ್ರಾವ, ಸೋಂಕು, ನೀರು ಒಡೆದಿರುವುದು, ಮಾಸು ಕೆಳಗಿರುವುದು ಇದ್ದವರು ಮಾಡಬಾರದು. ಸಿಸ್ಟರ್ ಹತ್ತಿರ ಕೇಳಿಯೇ ಶುರು ಮಾಡಬೇಕು. ಗಂಡಸು ವೈದ್ಯರು ಪರೀಕ್ಷಿಸುವುದಾದರೆ ಜೊತೆಗೆ ಹೆಣ್ಣೊಬ್ಬಳು ಇರಬೇಕೆಂದು ಕೇಳುವುದು ರೋಗಿಯ ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಆಪ್ತ ಹೆಂಗಸೊಬ್ಬಳು ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿದೆ.

ಹೇಳುವ ರೀತಿಗೆ ದೊಡ್ಡ ತಯಾರಿ ಬೇಡ. ‘ಸಿಸ್ಟರ್, ಒಂದು ಮಾತ ಕೇಳೂದೈತ್ರಿ, ನಾಚಿಕೆ ಆಗತೈತಿ’ ಎಂದರೆ ಅರ್ಧ ಕೆಲಸ ಮುಗಿದಂತೆ. ಅಂಗದ ಹೆಸರು ಬಾಯಿಗೆ ಬಾರದಿದ್ದರೆ ‘ಕೆಳಗ’ ಎಂದರೂ ಅರ್ಥವಾಗುತ್ತದೆ. ಯಾವಾಗಿನಿಂದ, ನೋವೋ ತುರಿಕೆಯೋ ಉರಿಯೋ, ಮೊದಲು ಯಾರಿಗಾದರೂ ತೋರಿಸಿದ್ದುಂಟೇ ಎಂಬ ಮೂರು ವಿವರ ಸಾಕು. ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬಾರದು. ತಾಯಿ ಕಾರ್ಡನ್ನು ಮನೆಯಲ್ಲಿ ಗಂಡ, ಮೈದುನ, ಅತ್ತೆ ಎಲ್ಲರೂ ತೆರೆದು ನೋಡುತ್ತಾರೆ. ಹೆರಿಗೆ ಮಾಡಿಸುವವರಿಗೆ ತಿಳಿಯಲೇಬೇಕಾದ ಹಿಂದೆ ಹರಿದ ಗಾಯ, ಶಸ್ತ್ರಚಿಕಿತ್ಸೆಯಂಥ ಸಂಗತಿ ಕಾರ್ಡಿನಲ್ಲಿ ದಾಖಲಾಗಬೇಕು. ಸೋಂಕಿನ ವಿವರವನ್ನು ಹೇಗೆ, ಎಲ್ಲಿ ಬರೆಯುತ್ತಾರೆ ಎಂದು ಕೇಳಿ ತಿಳಿಯುವ ಹಕ್ಕು ಅವಳಿಗಿದೆ. ಗುಟ್ಟು ಕಾಯುವ ಹೊಣೆ ಸಿಸ್ಟರ್‌ದು. ಒಂದು ಮನೆಯ ಮಾತು ಇನ್ನೊಂದು ಮನೆಯ ಕಟ್ಟೆಗೆ ಬಂದರೆ ಆ ಊರಿನ ಯಾವ ಹೆಣ್ಣುಮಗಳೂ ಮತ್ತೆ ಬಾಯಿ ತೆರೆಯುವುದಿಲ್ಲ.

ಆದರೆ ಮಾತು ತೆಗೆಯುವ ಭಾರವನ್ನೆಲ್ಲ ಬಸುರಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕನ್ನಡದಲ್ಲಿ ಈ ಸಂಕೋಚವನ್ನು ಮೊದಲು ಮುರಿದವರಲ್ಲಿ ಒಬ್ಬರು ಧಾರವಾಡದಲ್ಲೂ ಕೆಲವು ವರ್ಷ ನೆಲೆಸಿದ್ದ ವೈದ್ಯೆ, ಲೇಖಕಿ ಅನುಪಮಾ ನಿರಂಜನ. ‘ತಾಯಿ–ಮಗು’, ‘ವಧುವಿಗೆ ಕಿವಿಮಾತು’ ಪುಸ್ತಕಗಳಲ್ಲಿ ಅವರು ಓದುಗರು ಕೇಳುವವರೆಗೆ ಕಾಯದೆ ತಾವೇ ಮಾತು ತೆಗೆದರು. ತಪಾಸಣೆಯ ಕೋಣೆಯಲ್ಲೂ ಆ ಕ್ರಮವೇ ಸರಿ. ರಕ್ತದೊತ್ತಡ ನೋಡಿದಷ್ಟೇ ಸಹಜವಾಗಿ ‘ಕೆಳಗ ಉರಿ, ತುರಿಕಿ, ಗಂಟ ಏನರ ಐತೇನವಾ?’ ಎಂದು ಪ್ರತಿ ಬಸುರಿಗೂ ಕೇಳಿದರೆ, ತನ್ನೊಬ್ಬಳಿಗೇ ಈ ಕೇಡು ಎಂಬ ಭಾವನೆ ಅಲ್ಲಿಗೇ ಕರಗುತ್ತದೆ. 2018ರ ಕೇಂದ್ರ ಮಾರ್ಗಸೂಚಿಯಂತೆ ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು ಸೂಲಗಿತ್ತಿ ವೃತ್ತಿಯನ್ನೇ ಹೊಸದಾಗಿ ಕಟ್ಟುವ ಯೋಜನೆಯ ತಿರುಳೂ ಗೌರವದ ಆರೈಕೆಯೇ. ಆ ತರಬೇತಿ ಪಡೆದವರು ಹಳ್ಳಿಯ ಹೆರಿಗೆ ಕೋಣೆಗಳವರೆಗೆ ಬರಬೇಕು. ಅಲ್ಲಿಯವರೆಗೆ ಉಪಕೇಂದ್ರದ ಬಾಗಿಲಿಗೊಂದು ಪರದೆ, ಪ್ರತಿ ಬಸುರಿಗೆ ಒಬ್ಬಳೇ ಮಾತನಾಡಲು ಐದು ನಿಮಿಷ ಸಿಕ್ಕರೂ ಬಹಳ ಆಗುತ್ತದೆ.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ಉಚಿತವಾಗಿ ಪರೀಕ್ಷಿಸುತ್ತಾರೆ. ಮುಖ ತೋರಿಸದೆ ಕೇಳಬೇಕೆನ್ನುವವರಿಗೆ 104 ಸಹಾಯವಾಣಿ ಇದೆ. ಮನೆಯಲ್ಲಿ ಬಸುರಿ ಮಗಳು, ಸೊಸೆ ಇದ್ದವರು ಮುಂದಿನ ತಪಾಸಣೆಯ ದಿನ ಅವಳನ್ನು ಸಿಸ್ಟರ್ ಹತ್ತಿರ ಒಬ್ಬಳನ್ನೇ ಒಳಗೆ ಕಳಿಸಿ, ತಾವು ಹೊರಗೆ ಕೂತಿರಬೇಕು.